ಉಕ್ಕಿನ ಹಂಡೆಗೆ ಹಂಸ ಅವರ ಕಾವಲು

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಹೂವಿನವರು ಇನ್ನೂ ಬುಟ್ಟಿ ಇಳಿಸುತ್ತಿದ್ದಾರೆ. ಹಿಂದಿನ ಬೀದಿಯ ಪ್ರಯೋಗಾಲಯದಲ್ಲಿ ಹಂಸ ಕೈಗವಸು ತೊಟ್ಟು, ಎದೆಮಟ್ಟದ ಉಕ್ಕಿನ ಹಂಡೆಯೊಳಗೆ ಬಾಗಿ ಒರೆಸುತ್ತಿದ್ದಾರೆ. ನಡುನಡುವೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾರೆ. ಇವತ್ತು ಆಯುಧಪೂಜೆ, ಹಂಡೆಯ ಮುಚ್ಚಳ ಬೇರೆ ತೆರೆದಿದೆ.

ಬಾಹ್ಯಾಕಾಶದ ಕಪ್ಪುರಂಧ್ರದ ಸುತ್ತ ಬಿಸಿ ಅನಿಲ ತಟ್ಟೆಯಂತೆ ಹರಡಿಕೊಂಡು ಸುತ್ತುತ್ತಾ ಮೆಲ್ಲಗೆ ಒಳಕ್ಕೆ ಜಾರುತ್ತದಂತೆ. ಸುತ್ತುತ್ತಲೇ ಇರಬೇಕಾದದ್ದು ಒಳಗೇಕೆ ಬೀಳುತ್ತದೆ ಎಂಬುದು ವಿಜ್ಞಾನಿಗಳ ತಲೆನೋವು. ಅಲ್ಲಿಗೆ ಹೋಗಿ ನೋಡುವಂತಿಲ್ಲ. ಹಾಗಾಗಿ ಇಲ್ಲಿ ಹಂಡೆಯ ಗಾಳಿಯನ್ನೆಲ್ಲ ಹೀರಿ, ಚೂರೇ ಚೂರು ಅನಿಲ ಬಿಟ್ಟು, ವಿದ್ಯುತ್ ಹರಿಸಿ ಪ್ಲಾಸ್ಮಾ ಮಾಡಿ, ಅಯಸ್ಕಾಂತಗಳ ನಡುವೆ ಅದನ್ನು ತಿರುಗಿಸುತ್ತಾರೆ. ಒಳಗೆ ಬೆರಳಿನ ಜಿಡ್ಡು ಉಳಿದರೂ ಕೆಲಸ ಕೆಟ್ಟಿತು.

ನೆಲ ಗುಡಿಸಲು ಗುತ್ತಿಗೆಯ ಮೇಲೆ ಬಂದ ಹಂಸ, ಹಂಡೆ ಒರೆಸುವುದನ್ನು ಇಲ್ಲೇ ಕಲಿತರು. ಅವರು ಕೆ.ಆರ್. ಪುರದ ಒಕ್ಕಲು ಮನೆತನದ ಸೊಸೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲೀಗ ಬಾಡಿಗೆ ಮನೆಗಳಿವೆ. "ಇಷ್ಟೆಲ್ಲ ಇದ್ದೂ ಯಾಕೆ ಕಸ ಗುಡಿಸೋಕೆ ಹೋಗ್ತೀಯ ಅಂತಾರೆ ನಮ್ಮತ್ತೆ ಬೈರಮ್ಮ. ಬಾಡಿಗೆ ಅವರ್ದು. ಇದು ನಂದು," ಎನ್ನುತ್ತಾರೆ.

ಹೋದ ವರ್ಷ, 2002ರ ಪೂಜೆಯಂದು, ವರ್ಕ್‌ಶಾಪ್ ಸೂಪರ್‌ವೈಸರ್ ಭಗವಂತರಾಯರು ಮುಚ್ಚಳ ಕೂರುವ ಅಂಚಿಗೇ ಭಕ್ತಿಯಿಂದ ಅರಿಸಿನ ಕುಂಕುಮ ಹಚ್ಚಿದ್ದರು. ಮುಚ್ಚಳ ಬಿಗಿಯಾಗಿ ಕೂರಲಿಲ್ಲ, ಪುಡಿ ಗಾಳಿ ಹೀರುವ ಪಂಪಿನೊಳಕ್ಕೂ ಹೋಯಿತು. ಯುಗಾದಿ ಕಳೆದರೂ ಹಂಡೆಯಲ್ಲಿ ಗಾಳಿ ನುಸುಳುತ್ತಲೇ ಇತ್ತು. ಸಂಶೋಧನೆಯ ವಿದ್ಯಾರ್ಥಿನಿ ಮಧುರಾಳ ವರ್ಷವೇ ನೀರುಪಾಲಾಯಿತು. ಈ ಸಲವೂ ಕೆಟ್ಟರೆ ಅವಳು ಪಿಎಚ್.ಡಿ. ಆಸೆ ಬಿಡಬೇಕು.

"ಆ ಹುಡುಗಿ ಇಲ್ಲೇ ಮೂಲೇಲಿ ಕೂತು ಅತ್ತಳು. ಈ ಸಲ ಯಾರನ್ನೂ ಮುಟ್ಟಕ್ಕೆ ಬಿಡಲ್ಲ ಅಂದ್ಬಿಟ್ಟಿದೀನಿ," ಎನ್ನುತ್ತಾರೆ ಹಂಸ. ಪೂಜೆಗೆ ಅಡ್ಡ ಬಂದರೆ ಸೋಮವಾರದಿಂದ ಕೆಲಸವಿಲ್ಲ ಎಂದು ಗುತ್ತಿಗೆದಾರ ನಿನ್ನೆಯೇ ಹೆದರಿಸಿದ್ದಾನೆ. ಕೇಳಿ, ಬರೆದುಕೊಳ್ಳಲು ಬಂದ ನನಗೇ ಮೈ ಉರಿಯುತ್ತದೆ. ಅವರು ಮಾತ್ರ ಒರೆಸುವುದನ್ನು ನಿಲ್ಲಿಸುವುದಿಲ್ಲ.

ಅಷ್ಟರಲ್ಲಿ ಭಗವಂತರಾಯರು ಪೂಜೆಯ ತಟ್ಟೆ ಹಿಡಿದು ಬರುತ್ತಾರೆ. ಹಂಸ ಹಂಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

"ಬೇಡಿ ಸಾರ್."

"ದೇವರ ಕೆಲಸಕ್ಕೆ ಅಡ್ಡ ನಿಲ್ತೀಯೇನಮ್ಮ?"

"ದೇವರು ಅರ್ಥ ಮಾಡ್ಕೋತಾನೆ ಸಾರ್, ಪಂಪು ಮಾಡ್ಕೊಳಲ್ಲ. ಇಡ್ಲೇಬೇಕು ಅಂದ್ರೆ ಹೊರಗೆ ನನ್ನ ಬಕೆಟ್ಟು, ಪೊರಕೆ ಇವೆ. ಅವೂ ಆಯುಧಾನೇ. ಇಷ್ಟು ವರ್ಷದಲ್ಲಿ ಅವಕ್ಕೆ ಯಾರೂ ಒಂದು ಬೊಟ್ಟು ಇಟ್ಟಿಲ್ಲ."

ರಾಯರು ಹಂಸರ ಮುಖ ನೋಡುತ್ತಾರೆ, ತೆರೆದ ಹಂಡೆಯನ್ನು ನೋಡುತ್ತಾರೆ. ಆಮೇಲೆ ವರಾಂಡಕ್ಕೆ ಹೋಗಿ, ಪ್ಲಾಸ್ಟಿಕ್ ಬಕೆಟ್ಟಿಗೆ ಕುಂಕುಮವಿಟ್ಟು, ಹೂವು ಏರಿಸಿ ಕೈಮುಗಿಯುತ್ತಾರೆ.

ಸೋಮವಾರದ ಗತಿಯೇನು ಎಂದು ಕೇಳುತ್ತೇನೆ. ಹಂಸ ಹೊಸ ಬಟ್ಟೆಚೂರು ಮಡಚಿಕೊಳ್ಳುತ್ತಾ ಹೇಳುತ್ತಾರೆ:

"ಬಂದೇ ಬರ್ತೀನಿ. ಬೇಡ ಅನ್ನೋರು ಗೇಟಲ್ಲಿ ನಿಂತ್ಕೊಂಡು, ನನ್ನ ಮುಖ ನೋಡ್ಕೊಂಡು ಹೇಳ್ಲಿ."