ಸುಣ್ಣ ಹಿಡಿಯದ ಗೋಡೆ

ಸಾಕ್ಷ್ಯವಿಲ್ಲದ ಮಾತನ್ನು ಸಭೆಯಲ್ಲಿ ಆಡಬಾರದೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತವಳು ನಾನು. ಇಂದು ಆ ನಿಯಮವನ್ನು ಮುರಿಯುತ್ತಿದ್ದೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆದರೆ ಇದು ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ನನ್ನ ಕಣ್ಣೆದುರಿಗೆ, ನನ್ನ ಕೈಯಿಂದಲೇ ನಡೆದದ್ದು.

ಗಣಿ ಕಾರ್ಮಿಕರಿಗಾಗಿ ಹಿಂದೆ ಕಟ್ಟಿದ್ದ ಲೈನ್ ಮನೆಗಳ ಒಂದು ಸಾಲನ್ನು ಕೆಡವಬೇಕೆಂಬ ಪ್ರಸ್ತಾವ ಬಂದಿತ್ತು. ಗಣಿ ಮುಚ್ಚಿದ್ದರೂ ಅಲ್ಲಿ ಸಂಸಾರಗಳಿದ್ದವು. ಅವರಿಗೆ ಬೇರೆ ಸೂರಿರಲಿಲ್ಲ. ವಾಸ್ತುಶಿಲ್ಪ ಓದಿದ ನಾನು ಬಂಗಾರಪೇಟೆಯಿಂದ ಹೋಗಿ ಬಂದು ಮಾಡುತ್ತ ಅವರ ಪರವಾಗಿ ನಿಂತಿದ್ದೆ. ಗೋಡೆಗಳು ಗಟ್ಟಿಯಾಗಿವೆ, ದುರಸ್ತಿ ಸಾಧ್ಯ, ಕೆಡವುವುದು ಅನ್ಯಾಯ... ಇದು ನನ್ನ ವಾದ. ದುರಸ್ತಿಯಾದ ಸಾಲು ಹೇಗಿರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿಸಿ ಮರುದಿನ ಬೆಳಿಗ್ಗೆ ಅಧಿಕಾರಿಗಳ ಮುಂದಿಡಬೇಕಿತ್ತು. ಅದೇ ಕೊನೆಯ ಸಭೆ.

ಇಡೀ ಹಗಲು ನುಂಗಿ ರೆಂಡರ್, ಅಂದರೆ ಕಂಪ್ಯೂಟರು ಆ ಚಿತ್ರವನ್ನು ಮೂಡಿಸುವ ಕೆಲಸ, ಮುಗಿದಿತ್ತು. ಆದರೆ ಆ ಚಿತ್ರದಲ್ಲಿ ಗೋಡೆಗಳಿಗೆ ಈಗಿರುವ ಮಸಿ ಹಿಡಿದ ಮೈಯೇ ಇತ್ತು. ಮೊದಲಿನಿಂದ ಮತ್ತೆ ಮಾಡಲು ಹೊತ್ತಿರಲಿಲ್ಲ, ಅಗತ್ಯವೂ ಇರಲಿಲ್ಲ. ಚಿತ್ರ ಮೂಡಿದ ಮೇಲೂ ಅದರೊಳಗಿನ ಒಂದೊಂದು ವಸ್ತುವನ್ನು ಬೇರೆಯಾಗಿ ಆರಿಸಿ ಅದರ ಮೆಟೀರಿಯಲ್, ಅಂದರೆ ಹೊರಮೈ, ಬದಲಿಸಬಹುದು. ಗೋಡೆಯನ್ನು ಆರಿಸಿ ಸುಣ್ಣವನ್ನು ಕೊಟ್ಟರೆ, ಬೆಳಕು ನೆರಳು ಹಾಗೆಯೇ ಉಳಿದು ಗೋಡೆಯೊಂದೇ ಬೆಳ್ಳಗಾಗುತ್ತದೆ.

ಆ ರಾತ್ರಿ ಸಾಲಿನ ತುದಿಯ ಮನೆಯ ಅಂಜಲೈ ಅಕ್ಕ ತನ್ನ ಮುಂಗೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಳು. ಟೀ ಇಟ್ಟು ಪರದೆಯನ್ನೇ ನೋಡುತ್ತ ಕುಳಿತಳು.

“ಕುಂತಲ್ಲೇ ಸುಣ್ಣ ಒಡೀಬೋದಾ ತಾಯಿ? ನಮ್ಮೆಜಮಾನ ಏಣಿಯಿಂದ ಬಿದ್ದು ಸೊಂಟ ಮುರ್ಕಂಡಿದ್ದು ದಂಡ ಆಯ್ತು ಬಿಡು.”

ನಗುತ್ತಲೇ ಎಲ್ಲ ಗೋಡೆಗಳಿಗೂ ಸುಣ್ಣ ಕೊಟ್ಟೆ. ಸಾಲು ಒಮ್ಮೆಲೇ ಬೆಳಗಿತು. ಚಿತ್ರವನ್ನು ಉಳಿಸಿದೆ, ಮುಚ್ಚಿದೆ, ಪರೀಕ್ಷೆಗಾಗಿ ಮತ್ತೆ ತೆರೆದೆ.

ನಡುವಿನ ಮನೆಯೊಂದು ಮಾತ್ರ ಕಪ್ಪಗೇ ಇತ್ತು.

ಆಯ್ಕೆಯಲ್ಲಿ ತಪ್ಪಿರಬೇಕೆಂದು ಅದೊಂದನ್ನೇ ಹಿಡಿದು ಬದಲಿಸಿದೆ. ಬೆಳ್ಳಗಾಯಿತು. ಉಸಿರು ಬಿಟ್ಟೆ. ಆಗ... ಗೋಡೆಯ ಬುಡದಿಂದ ಕಪ್ಪು ಏರತೊಡಗಿತು. ಒದ್ದೆ ಏರುವ ಹಾಗೆ, ನಿಧಾನವಾಗಿ. ಒಮ್ಮೆ ಮುಗಿದ ಚಿತ್ರ ಅಲುಗಾಡುವುದಿಲ್ಲ. ಅದು ಚಲನಚಿತ್ರವಲ್ಲ. ಆದರೂ ಅದು ಏರಿತು, ಸೂರಿನವರೆಗೆ.

ಹಸಿ ಸುಣ್ಣದ ಘಾಟು ಮೂಗಿಗೆ ಬಡಿಯಿತು. ಹೊರಗೆಲ್ಲೋ... ಕರ್... ಕರ್... ಗೋಡೆಯನ್ನು ಯಾರೋ ಉಗುರಿನಿಂದ ಕೆರೆಯುವ ಸದ್ದು.

“ಅಕ್ಕಾ, ನಡುವಿನ ಮನೆಯಲ್ಲಿ ಯಾರಿದ್ದಾರೆ?”

ಅಂಜಲೈ ಅಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಅದ್ಕೂ ಒಡೆದ್ಯಾ?”

“ಚಿತ್ರದಲ್ಲಿ ಅಷ್ಟೇ.”

“ಚಿತ್ರವೋ ಗಿತ್ರವೋ... ಸಾವಾದ ಮನೆಗೆ ವರ್ಷ ಕಳೆಯೋಗಂಟ ಸುಣ್ಣ ಒಡೀತಾರಾ ಯಾರಾದ್ರೂ?”

ಆಮೇಲೆ ಪಿಸುದನಿಯಲ್ಲಿ ಹೇಳಿದಳು. ಅದು ಕನ್ನಿಯಮ್ಮನ ಮನೆ. ಗಣಿ ಮುಚ್ಚುವ ಮೊದಲು ಆಕೆಯ ಗಂಡ ರಾತ್ರಿ ಪಾಳಿಗೆ ಇಳಿದಿದ್ದಾಗ ಒಳಗೆ ಬಂಡೆ ಸಿಡಿಯಿತು. ಹೆಣ ಸಿಗಲಿಲ್ಲ. ಹೆಣವಿಲ್ಲದೆ ಕಾರ್ಯ ಮಾಡಿಸಲು ಆಕೆ ಒಪ್ಪಲಿಲ್ಲ. ಕಾರ್ಯವಾಗದೆ ಸೂತಕದ ವರ್ಷ ಶುರುವಾಗಲಿಲ್ಲ. ಶುರುವಾಗದ್ದು ಮುಗಿಯಲೂ ಇಲ್ಲ. ಪ್ರತಿ ಪೊಂಗಲ್‌ಗೆ ಇಡೀ ಲೈನು ಬೆಳ್ಳಗಾದರೂ ಆ ಮನೆ ಹಾಗೇ. ಬಾಗಿಲ ಹಿಂದೆ ಕಾಯುತ್ತಲೇ ಆಕೆಯೂ ತೀರಿಹೋದಳು.

“ಒಂದ್ಸಲ ನಮ್ಮುಡುಗ್ರು ಅದಕ್ಕೂ ಬಳುದ್ರು. ಬೆಳಿಗ್ಗೆ ನೋಡುದ್ರೆ ಸುಣ್ಣ ಎಲ್ಲಾ ನೆಲದ್ ಮ್ಯಾಲೆ. ಗೋಡೆ ಮ್ಯಾಲೆ ಉಗುರಿನ ಗೀರು.”

“ಅಕ್ಕಾ, ಚಿತ್ರದಲ್ಲೇ ಒಂದು ಮನೆ ಹೀಗೆ ಕಪ್ಪಗಿದ್ದರೆ, ಗೋಡೆ ಸುಣ್ಣವನ್ನೇ ಹಿಡಿಯುವುದಿಲ್ಲ, ಕೆಡವಿ ಅನ್ನುತ್ತಾರೆ. ಇಡೀ ಸಾಲು ಹೋಗುತ್ತದೆ.”

“ಗೊತ್ತು ಕಣಮ್ಮಾ. ನನ್ ಮನೇನೂ ಅದ್ರಾಗೇ ಐತೆ.”

ಮತ್ತೆ ಬದಲಿಸಿದೆ. ಮತ್ತೆ ಕಪ್ಪು. ಇಟ್ಟಿಗೆ ಕೊಟ್ಟೆ, ಸಿಮೆಂಟ್ ಕೊಟ್ಟೆ... ಯಾವುದೂ ನಿಲ್ಲಲಿಲ್ಲ. ಕೆರೆತ ಜೋರಾಗುತ್ತ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇಳಿಯುತ್ತಿತ್ತು. ಕರೆಂಟು ಆಗಲೇ ಹೋಗಿತ್ತು. ನಾನು ಅತ್ತೆ. ಆ ಸಾಲಿನ ಮಕ್ಕಳು, ಮುದುಕರು ಎಲ್ಲರೂ ನನ್ನ ಒಂದು ಚಿತ್ರವನ್ನು ನಂಬಿ ಮಲಗಿದ್ದರು.

ವಾದದಿಂದ ಬಗೆಹರಿಯದ್ದು ಯಾವುದೂ ಇಲ್ಲವೆಂದು ನಂಬಿದ್ದವಳು ಬೇರೇನು ಮಾಡಿಯಾಳು? ಎದ್ದು ಹೊರಗೆ ಹೋದೆ.

“ಬ್ಯಾಡ, ಓಗ್ಬ್ಯಾಡ,” ಎಂದಳು ಅಂಜಲೈ ಅಕ್ಕ. ಆದರೆ ತಾನು ಹೊಸಿಲು ದಾಟಲಿಲ್ಲ.

ನಡುವಿನ ಮನೆಯ ಬೀಗ ತುಕ್ಕು ಹಿಡಿದಿತ್ತು. ನಾನು ಬಾಗಿಲ ಮುಂದೆ ನಿಂತಾಗ ಸದ್ದು ನಿಂತಿತು. ಮುಚ್ಚಿದ ಬಾಗಿಲಿಗೆ ನಾನು ವಾದ ಮಂಡಿಸಿದೆ. ಕನ್ನಿಯಮ್ಮನವರೇ, ನಿಮ್ಮ ದುಃಖಕ್ಕೆ ನನ್ನ ಗೌರವವಿದೆ. ಆದರೆ ಸತ್ತವರಿಗಾಗಿ ಬದುಕಿರುವವರ ಸೂರು ಬೀಳಬಾರದು. ಸಾಲು ಬಿದ್ದರೆ ನಿಮ್ಮ ಮನೆಯೂ ಬೀಳುತ್ತದೆ, ಕಾಯುವುದಕ್ಕೂ ಜಾಗವಿರುವುದಿಲ್ಲ...

ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬಂತು. ಆಳದ ಕಲ್ಲಿನ ವಾಸನೆ. ಅದರ ಹಿಂದೆಯೇ, ನನ್ನ ಕಿವಿಯಷ್ಟೇ ಎತ್ತರದಲ್ಲಿ, ಒಣಗಿದ ಒಂದು ದನಿ.

“ಅವ್ರು ಬಂದ್ರಾ?”

ಆಕೆಗೆ ಬೇಕಾಗಿದ್ದದ್ದು ನನ್ನ ವಾದವಲ್ಲ, ಒಂದೇ ಒಂದು ಉತ್ತರ. ಇಲ್ಲ ಎಂದರೆ ಗೋಡೆ ಕಪ್ಪಗೇ ಉಳಿದು, ಬೆಳಿಗ್ಗೆ ಸಭೆಯಲ್ಲಿ ಇಡೀ ಸಾಲಿಗೆ ನೆಲಸಮದ ತೀರ್ಪು. ಸುಳ್ಳನ್ನು ಆಧಾರವಾಗಿಟ್ಟು ಅದುವರೆಗೆ ಯಾವ ವಾದವನ್ನೂ ಗೆದ್ದವಳಲ್ಲ ನಾನು...

“ಬಂದರು,” ಎಂದೆ.

ಒಳಗೆ ಬಳೆಗಳ ಸದ್ದಾಯಿತು. ಯಾರೋ ಅವಸರವಾಗಿ ಎದ್ದ ಹಾಗೆ. ಮತ್ತೆ ಏನೂ ಇಲ್ಲ.

ಅಕ್ಕನ ಮನೆಗೆ ಹಿಂತಿರುಗಿ ನೋಡಿದಾಗ ಚಿತ್ರದಲ್ಲಿ ಆ ಗೋಡೆ ಬೆಳ್ಳಗಿತ್ತು. ಹಾಗೇ ಉಳಿಯಿತು.

ಬೆಳಿಗ್ಗೆ ಸಭೆಯಲ್ಲಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಸಾಲನ್ನು ಕೆಡವದೆ ದುರಸ್ತಿ ಮಾಡಿಸಲು ಒಪ್ಪಿದರು. ನಾನು ಗೆದ್ದಿದ್ದೆ. ಬಂಗಾರಪೇಟೆಗೆ ಮರಳಿ, ಅದೆಷ್ಟೋ ದಿನಗಳ ನಂತರ ಕಣ್ತುಂಬ ನಿದ್ದೆ ಮಾಡಿದೆ.

ಅಂಜಲೈ ಅಕ್ಕನ ಫೋನು ಬಂದದ್ದು ಆಮೇಲೆ. ದನಿ ತಗ್ಗಿತ್ತು.

“ಅವತ್ತು ಅವಳ್ಗೇನಂದೆ ತಾಯಿ?”

“ಯಾಕಕ್ಕಾ?”

“ಕತ್ತಲಾದ್ರೆ ಎಲ್ಲಾರ ಬಾಗ್ಲೂ ಬಡೀತಾಳೆ. ಬಂದೌರಂತೆ, ನಿಮ್ಮನೇಲಿ ಔರಾ ಅಂತ ಕೇಳ್ತಾಳೆ. ಇಲ್ಲ ಅಂದ್ರೆ ಮುಂದಿನ ಮನೆ. ನಾಳೆ ಮತ್ತೆ ಮೊದಲ್ನಿಂದ.”

ಈಗ ಆ ಸಾಲಿನಲ್ಲಿ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಮಕ್ಕಳಿರುವವರು ಮೊದಲು ಹೋದರು. ಎಲ್ಲಿಗೆ ಹೋದರೆಂದು ಕೇಳುವ ಧೈರ್ಯ ನನಗಿಲ್ಲ. ಅವರಿಗೆ ಬೇರೆ ಸೂರಿಲ್ಲವೆಂದು ಸಭೆಯಲ್ಲಿ ಸಾರಿದವಳು ನಾನೇ.

ನಿಜ ಹೇಳಿಬಿಡಬೇಕೆಂದು ಒಂದು ರಾತ್ರಿ ಮತ್ತೆ ಆ ಬಾಗಿಲ ಮುಂದೆ ನಿಂತೆ. ಅವರು ಬಂದಿಲ್ಲ, ನಾನು ಹೇಳಿದ್ದು ಸುಳ್ಳು ಎಂದೆ. ಒಳಗಿನಿಂದ ಗಾಳಿಯೂ ಬರಲಿಲ್ಲ. ಆಕೆ ಅಲ್ಲಿರಲಿಲ್ಲ. ಮುಂದಿನ ಮನೆಯ ಕಡೆಯಿಂದ ಬಾಗಿಲು ಬಡಿಯುವುದು ಕೇಳಿಸಿತು... ಓಡಿದೆ. ಅಲ್ಲಿ ಯಾರೂ ಇಲ್ಲ. ಸದ್ದು ಅದರಾಚೆಯ ಮನೆಗೆ ಹೋಗಿತ್ತು. ಸಾಲಿನ ತುದಿಯವರೆಗೂ ನಾನು ಕೂಗುತ್ತ ಓಡಿದೆ. ಆ ಸದ್ದು ಪ್ರತಿ ಸಲವೂ ನನಗಿಂತ ಒಂದು ಬಾಗಿಲು ಮುಂದಿರುತ್ತಿತ್ತು.