ತಗಡಿಗೆ ಎರಡು ಬಡಿತ

ಭಟ್ಕಳ–ಕುಮಟಾ ಟೆಂಪೋದಲ್ಲಿ ನಾನು ಹನ್ನೊಂದು ವರ್ಷ ಕಂಡಕ್ಟರ್. ತೊಂಬತ್ತರ ದಶಕದ ಕೊನೆಗೆ ಸೊಂಟ ಕೈಕೊಟ್ಟಿತು. ಭಟ್ಕಳದಲ್ಲೇ ಕಿರಾಣಿ ಅಂಗಡಿ ಇಟ್ಟೆ. ಒಂದೇ ಕಡೆ ಕೂರುವುದೆಂದರೆ ನನಗೆ ಶಿಕ್ಷೆ. ನಾಲ್ಕು ಗಿರಾಕಿಗಳು ಬಂದು ನಿಂತರೆ ಸಾಕು, 'ಒಳಗೆ ಹೋಗಿ, ಒಳಗೆ ಹೋಗಿ' ಎಂದು ಬಾಯಿಗೆ ಬಂದುಬಿಡುತ್ತಿತ್ತು. ಒಳಗೆ ಎಲ್ಲಿಗೆ, ಅಕ್ಕಿ ಮೂಟೆಯ ಮೇಲೆಯೇ? ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಮೈಯೆಲ್ಲ ಉರಿಯುತ್ತಿತ್ತು.

ಹೀಗೇ ನಾಲ್ಕೈದು ವರ್ಷ ಕಳೆಯಿತು. ಹೆಂಡತಿಗೆ ಪದೇಪದೇ ತಲೆಸುತ್ತು ಶುರುವಾಯಿತು. ಕುಮಟೆಯ ಡಾಕ್ಟರಿಗೆ ತೋರಿಸಬೇಕಿತ್ತು. ಯಾವುದಕ್ಕೂ ನನ್ನನ್ನು ಕರೆಯದವಳು ಅಂದು, "ಒಬ್ಬಳೇ ಹೋಗುಕೆ ಹೆದರಿಕೆ ಆಗ್ತದೆ. ನೀವೂ ಬನ್ನಿ" ಎಂದಳು. ಎರಡು ಹೆರಿಗೆಗೂ ನಾನು ಟೆಂಪೋ ಲೈನಿನ ಮೇಲೇ ಇದ್ದವನು. ಈ ಸಲವಾದರೂ ಜೊತೆಗಿರಬೇಕು ಅಂದುಕೊಂಡೇ ಹೊರಟೆ.

ಹೊನ್ನಾವರದಲ್ಲಿ ಟೆಂಪೋ ನಿಂತಿತು. "ಬಾಯಿ ಒಣಗಿತು, ಒಂದು ಸೋಡಾ ಕುಡ್ದು ಬರ್ತೆ" ಎಂದು ಅವಳು ಇಳಿದಳು. ನಾನು ಬಾಗಿಲಿಗೆ ಬಂದು ನಿಂತೆ. ಮೀನಿನ ಬುಟ್ಟಿಯ ಹೆಂಗಸರು ಹತ್ತಿದರು. ಒಬ್ಬ ಅಜ್ಜಿಯ ಕೈ ಹಿಡಿದು ಎಳೆದುಕೊಂಡೆ. ಕಂಡಕ್ಟರ್ ಹಿಂದಿನ ಸೀಟುಗಳ ಸಂದಿಯಲ್ಲಿ ಚಿಲ್ಲರೆಗೆ ಪರದಾಡುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಟೆಂಪೋ ಬರುವುದು ಕಂಡಿತು. ಅದು ಮುಂದೆ ಹೋದರೆ ದಾರಿಯ ಜನರೆಲ್ಲ ಅದರ ಪಾಲು. ನನ್ನ ಕೈ ನನ್ನನ್ನು ಕೇಳಲಿಲ್ಲ. ತಗಡಿಗೆ ಎರಡು ಬಡಿದು "ರೈಟ್!" ಎಂದೆ. ಡ್ರೈವರ್ ಹೊರಟೇಬಿಟ್ಟ. ನಿಜ ಹೇಳಬೇಕೆಂದರೆ, ಗಾಳಿಗೆ ಮುಖ ಕೊಟ್ಟು ನಿಂತ ಆ ಐದು ನಿಮಿಷ ನನಗೆ ಸುಖವಾಗಿತ್ತು.

ಮುಂದಿನ ಸ್ಟಾಪ್ ಕರ್ಕಿಯಲ್ಲಿ ತಿರುಗಿ ನೋಡಿದರೆ ಅವಳ ಸೀಟಿನಲ್ಲಿ ಆ ಅಜ್ಜಿ ಕೂತಿದ್ದಳು. ಹಾರಿ ಇಳಿದು, ಸಿಕ್ಕಿದ ರಿಕ್ಷಾ ಹತ್ತಿ ವಾಪಸ್ ಓಡಿದೆ. ದಾರಿಯುದ್ದಕ್ಕೂ ಅವಳು ರಸ್ತೆಯಲ್ಲಿ ತಲೆಸುತ್ತಿ ಬಿದ್ದದ್ದೇ ಕಣ್ಣಮುಂದೆ.

ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. "ಎಂತ, ಬಿಟ್ಟಿಕಿ ಹೋದ್ರಿ?" ಎಂದಳು, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಪ್ಪಾಯಿತು ಎಂದೆ.

ಮುಂದಿನ ಟೆಂಪೋದಲ್ಲಿ ಕೈಕಟ್ಟಿ ಅವಳ ಪಕ್ಕವೇ ಕೂತೆ. ಕಂಡಕ್ಟರ್ ಬಂದು, "ಎಲ್ಲಿಗೆ? ಎಷ್ಟು ಜನ?" ಎಂದ.

"ಕುಮಟಾ, ಒಬ್ರು" ಎಂದೆ. ಟೆಂಪೋದಲ್ಲಿ ಕಂಡಕ್ಟರನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ನನ್ನನ್ನು ಹಿಡಿದಿರಲಿಲ್ಲ.

ಅವಳು ನನ್ನ ಕಡೆ ನೋಡದೆ ಕಂಡಕ್ಟರನಿಗೆ ಹೇಳಿದಳು: "ಇಬ್ರು. ಇವರು ನನ್ನ ಜೊತೆಗೆ ಬಂದವರು."