ಸೂಪರ್‌ಹೀರೋ ತಂಡದಲ್ಲಿ ನಿಧಾನಸ್ಥರಿಗೆ ಜಾಗವಿಲ್ಲ

ಸಂಜೆ ಆರರಿಂದ ಆರೂವರೆಯವರೆಗೆ ದಯವಿಟ್ಟು ನಮ್ಮ ಮನೆಗೆ ಬರಬೇಡಿ. ಬಂದರೆ ಕೂಡ್ರಿ ಎನ್ನುತ್ತೇನೆ, ಚಹಾ ಕೊಡಿಸುತ್ತೇನೆ, ಮಳೆ-ಬೆಳೆ ವಿಚಾರಿಸುತ್ತೇನೆ. ಆದರೆ ನನ್ನ ಕಣ್ಣು ಮಾತ್ರ ನಿಮ್ಮ ಹೆಗಲ ಮೇಲಿಂದ ಟೀವಿಯನ್ನೇ ನೋಡುತ್ತಿರುತ್ತದೆ. ಆಳಂದದಲ್ಲಿ ನನ್ನ ಓರಗೆಯ ನಿವೃತ್ತರು ಆ ಹೊತ್ತಿಗೆ ಪ್ರವಚನಕ್ಕೆ ಹೋಗುತ್ತಾರೆ, ಶುಗರ್ ಇಳಿಸಿಕೊಳ್ಳಲು ಬಸ್‌ಸ್ಟ್ಯಾಂಡಿನ ತನಕ ನಡೆಯುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಮಾವಿನಕಾಯಿ, ಹೂಜಿ ಬಿಡಿಸಲು ಕಲಿಸಿದ ಡ್ರಾಯಿಂಗ್ ಮಾಸ್ತರನಾದ ನಾನು ಕಾರ್ಟೂನ್ ನೋಡುತ್ತೇನೆ. ಮೊಮ್ಮಗಳು ಸೃಷ್ಟಿ ನೋಡುತ್ತಾಳೆ, ಅವಳ ಜೊತೆಗೆ ನಾನು ಕೂಡುತ್ತೇನೆ ಎಂದು ಹೊರಗೆ ಹೇಳಿಕೊಂಡಿದ್ದೇನೆ. ಅದು ಶುದ್ಧ ಸುಳ್ಳು. ಅವಳಿಗೆ ಶಾಲೆ ಇದ್ದ ದಿನವೂ ನಾನು ಮಧ್ಯಾಹ್ನದ ಮರುಪ್ರಸಾರ ನೋಡಿದ್ದೇನೆ.

ನೋಡುವುದು ಸೂಪರ್‌ಹೀರೋಗಳ ತಂಡಗಳನ್ನು. ಇವು ಹತ್ತಾರು ಇವೆ, ಆದರೆ ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ. ತಂಡದಲ್ಲಿ ಐದು ಮಂದಿ. ಒಬ್ಬ ನಾಯಕ, ಅವನ ಶಕ್ತಿಯೆಲ್ಲ ದವಡೆಯಲ್ಲಿದೆ. ಬೆರಳು ತೋರಿಸಿ ‘ನಡೆಯಿರಿ’ ಎನ್ನುವುದು ಬಿಟ್ಟರೆ ಅವನು ಏನು ಮಾಡುತ್ತಾನೆಂದು ಇಂದಿಗೂ ನನಗೆ ಗೊತ್ತಾಗಿಲ್ಲ. ಇಂಥ ಹೆಡ್‌ಮಾಸ್ತರರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ಇನ್ನೊಬ್ಬ ಬಂಡೆಯಂಥವನು, ಗೋಡೆ ಒಡೆಯುತ್ತಾನೆ, ಬುದ್ಧಿ ಕಮ್ಮಿ. ತೋಳು ದಪ್ಪ ಬಿಡಿಸಿದರೆ ತಲೆ ಸಣ್ಣದು ಬಿಡಿಸಲೇಬೇಕೆಂಬುದು ಈ ಚಿತ್ರಕಾರರ ಕಟ್ಟಳೆ. ಮೂರನೆಯವನು ಗಾಳಿಯಂತೆ ಓಡುತ್ತಾನೆ, ಅಷ್ಟೇ ಜೋರಾಗಿ ಹರಟುತ್ತಾನೆ. ನಾಲ್ಕನೆಯವನು ಕನ್ನಡಕದವನು, ಜಗತ್ತಿನ ಯಾವ ಯಂತ್ರವನ್ನೂ ಮೂರು ಗುಂಡಿ ಒತ್ತಿ ರಿಪೇರಿ ಮಾಡಬಲ್ಲ. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ಅವನನ್ನು ಒಮ್ಮೆ ನಿಲ್ಲಿಸಿ ನೋಡಬೇಕೆಂದು ನನ್ನ ಆಸೆ. ಐದನೆಯವಳು ಹುಡುಗಿ. ಅವಳು ಕೈಯೆತ್ತಿದರೆ ಬೆಳಕಿನ ಛತ್ರಿಯೊಂದು ಬಿಚ್ಚಿಕೊಂಡು ನಾಲ್ವರನ್ನೂ ಕಾಯುತ್ತದೆ. ಕಾದ ಮೇಲೆ ಅವಳು ಮೂರ್ಛೆ ಬೀಳುತ್ತಾಳೆ. ಬಂಡೆಯವನು ಅರ್ಧ ಊರು ಕೆಡವಿದರೂ ಅವನ ಹಣೆಯಲ್ಲಿ ಬೆವರಿಲ್ಲ; ಎಚ್ಚರ ತಪ್ಪುವ ಪಾಳಿ ಮಾತ್ರ ಯಾವಾಗಲೂ ಅವಳದೇ.

ಒಂದು ಸಂಜೆ ನನ್ನ ಹೆಂಡತಿ ಶರಣಮ್ಮ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಇದನ್ನು ನೋಡಿದಳು. “ಆ ಹುಡುಗಿ ದಿನಾ ಯಾಕ ಬೀಳ್ತದರಿ? ಮುಂಜಾನಿ ಏನರ ತಿಂದು ಹೊರಡಬಾರದೇನು?” ಎಂದಳು. ಆಮೇಲೆ ಇನ್ನಷ್ಟು ನೋಡಿ, “ಐದು ಮಂದಿ ಆಳು ಅದಾರ, ಎಲ್ಲಾರೂ ಒಬ್ಬನ್ನೇ ಬಡ್ಯಾಕತ್ತಾರ. ಕೆಲಸ ಹಂಚಿಕೊಳ್ಳಾಕ ಬರಂಗಿಲ್ಲ ಇವಕ್ಕ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಕಾರ್ಟೂನ್ ವಿಮರ್ಶೆ ಎಂದರೆ ಇದು. ನನ್ನ ನೋಟ್‌ಬುಕ್ಕಿನ ಹನ್ನೆರಡು ಪುಟದಲ್ಲಿ ಇಷ್ಟು ತೂಕವಿಲ್ಲ.

ಹೌದು, ನೋಟ್‌ಬುಕ್ ಇಟ್ಟಿದ್ದೇನೆ, ನಗಬೇಡಿ. ಅದರಲ್ಲಿ ನನ್ನ ದೊಡ್ಡ ಸಂಶೋಧನೆ ಏನೆಂದರೆ, ಇವರು ಮೊದಲು ಶಕ್ತಿಯನ್ನು ತಯಾರು ಮಾಡಿ ಆಮೇಲೆ ಅದಕ್ಕೆ ತಕ್ಕ ಮನುಷ್ಯನನ್ನು ಹೊಲಿಯುತ್ತಾರೆ. ಬೆಂಕಿ ಉಗುಳುವವನಿಗೆ ಸಿಟ್ಟು ಜಾಸ್ತಿ, ನೀರಿನವಳಿಗೆ ಕಣ್ಣೀರು ಜಾಸ್ತಿ, ಮಂಜಿನವನು ಯಾರೊಡನೆಯೂ ಸರಿಯಾಗಿ ಮಾತಾಡುವುದಿಲ್ಲ. ಬೆಂಕಿಯವನು ಒಂದು ದಿನವಾದರೂ ಸಮಾಧಾನದಿಂದ ಒಲೆ ಹೊತ್ತಿಸಿ ನಾಲ್ಕು ಕಪ್ ಚಹಾ ಮಾಡಿದ್ದನ್ನು ನಾನು ಕಂಡಿಲ್ಲ. ಹೀಗೆ ಬಣ್ಣ ನೋಡಿದ ಕೂಡಲೇ ಗುಣ ತಿಳಿಯಬೇಕೆನ್ನುವುದು ಹೊಸದೇನಲ್ಲ. ನಮ್ಮ ಬಯಲಾಟದ ರಾಕ್ಷಸನೂ ಕೆಂಪು ಬಳಿದುಕೊಂಡು, ಹೂಂಕರಿಸುತ್ತಾ ಬಂದು, ತಾನು ಯಾರು, ಯಾರ ಮಗ, ಯಾಕೆ ಬಂದೆ ಎಂಬುದನ್ನೆಲ್ಲ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವ ಸಾರಥಿಗೆ ಬಿಡಿಸಿ ಹೇಳುತ್ತಿದ್ದ. ಕಾರ್ಟೂನಿನ ಖಳನೂ ಜಗತ್ತನ್ನು ನಾಶ ಮಾಡುವ ಮೊದಲು ಹದಿನೈದು ನಿಮಿಷ ಪ್ಲಾನ್ ವಿವರಿಸುತ್ತಾನೆ. ವ್ಯತ್ಯಾಸ ಇಷ್ಟೇ: ಬಯಲಾಟದ ರಾಕ್ಷಸ ಮರುದಿನ ಬೆಳಿಗ್ಗೆ ಕಿವಿಯ ಹಿಂದೆ ಕೆಂಪು ಉಳಿಸಿಕೊಂಡೇ ಎಮ್ಮೆಗೆ ಮೇವು ಹಾಕುತ್ತಿದ್ದ. ಈ ಟೀವಿಯವರಿಗೆ ಮರುದಿನ ಬೆಳಿಗ್ಗೆ ಎಂಬುದೇ ಇಲ್ಲ. ಅವರು ಉಣ್ಣುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ಅವರ ಅಂಗಿಗೆ ಜೇಬು ಕೂಡ ಇಲ್ಲ.

ಇನ್ನು ನಮ್ಮ ಸೃಷ್ಟಿಯ ವಿಷಯ. ಮಗ-ಸೊಸೆ ಇಬ್ಬರೂ ಕಲಬುರಗಿಗೆ ದಿನಾ ಕೆಲಸಕ್ಕೆ ಹೋಗಿಬರುವವರು, ಹಾಗಾಗಿ ಒಂಬತ್ತು ವರ್ಷದ ಈ ಹುಡುಗಿ ಶಾಲೆ ಬಿಟ್ಟ ಮೇಲೆ ನಮ್ಮ ಪಾಲು. ಒಳ್ಳೆಯ ಹುಡುಗಿ, ಜಾಣೆ, ಆದರೆ ನಿಧಾನ. ಎಷ್ಟು ನಿಧಾನ ಎಂದರೆ ಕಾರ್ಟೂನ್ ಶುರುವಾದಾಗ ಕೈಯಲ್ಲಿ ಹಿಡಿದ ರೊಟ್ಟಿ ಕಾರ್ಟೂನ್ ಮುಗಿಯುವಾಗಲೂ ಅರ್ಧ ಹಾಗೇ ಇರುತ್ತದೆ. ಚಪ್ಪಲಿ ಹಾಕಿಕೊಳ್ಳುವುದರೊಳಗೆ ಆಟೋ ಎರಡು ಸಲ ಹಾರ್ನ್ ಹೊಡೆದಿರುತ್ತದೆ. ಆರೋಗ್ಯಕ್ಕೆ ಏನೂ ತೊಂದರೆಯಿಲ್ಲ, ಡಾಕ್ಟರೂ ನೋಡಿದ್ದಾರೆ. ಅವಳ ಗಡಿಯಾರ ಬೇರೆ, ಅಷ್ಟೇ.

ಈ ಸಲ ಶಾಲೆಯ ವಾರ್ಷಿಕೋತ್ಸವದಲ್ಲಿ, ಅಂದರೆ ನಮ್ಮ ಕಡೆಯ ಗ್ಯಾದರಿಂಗ್‌ನಲ್ಲಿ, ಅವಳ ಕ್ಲಾಸಿನವರು ಸೂಪರ್‌ಹೀರೋ ತಂಡದ ನಾಟಕ ಆಡಿದರು. ಸೃಷ್ಟಿಗೆ ತಂಡದಲ್ಲಿ ಸೇರುವ ಆಸೆ. ಬಂಡೆಯಾದರೂ ಸರಿ, ಛತ್ರಿಯಾದರೂ ಸರಿ ಎಂದು ಕೇಳಿದಳಂತೆ. ಟೀಚರ್ ಅವಳನ್ನು ‘ಪಬ್ಲಿಕ್’ ಮಾಡಿದರು. ಪಬ್ಲಿಕ್ ಎಂದರೆ ಖಳ ಬಂದಾಗ ಈ ಕಡೆಯಿಂದ ಆ ಕಡೆಗೆ ಕಾಪಾಡ್ರೀ ಎಂದು ಕಿರುಚುತ್ತಾ ಓಡಬೇಕಾದ ಹತ್ತು ಮಕ್ಕಳ ಗುಂಪು. ಅವಳು ಬೇಜಾರು ಮಾಡಿಕೊಂಡರೂ ಬಿಡಲಿಲ್ಲ, ಮನೆಯಲ್ಲಿ ಪಡಸಾಲೆಯ ತುಂಬ ಕಿರುಚಿ ಕಿರುಚಿ ತಾಲೀಮು ಮಾಡಿದಳು. ಪಕ್ಕದ ಮನೆಯವರು ಎರಡು ಸಲ ಓಡಿ ಬಂದರು.

ಗ್ಯಾದರಿಂಗ್ ದಿನ ಖಳ ಬಂದ. ಒಂಬತ್ತು ಮಂದಿ ಪಬ್ಲಿಕ್ ಕಿರುಚಿ ಓಡಿ ಪರದೆಯ ಹಿಂದೆ ಸೇರಿತು. ಐವರು ಹೀರೋಗಳು ಬಂದರು, ಬಡಿದರು, ಖಳ ಸತ್ತು ಬಿದ್ದ, ನಾಯಕ ಸೊಂಟದ ಮೇಲೆ ಕೈಯಿಟ್ಟು ನಿಂತ. ಅಷ್ಟರಲ್ಲಿ ನಮ್ಮ ಸೃಷ್ಟಿ ಸ್ಟೇಜಿನ ನಟ್ಟನಡುವೆ, ಸತ್ತ ಖಳನನ್ನು ಸುತ್ತುಹಾಕಿ, ಪೂರ್ತಿ ನಂಬಿಕೆಯಿಂದ, “ಕಾಪಾಡ್ರೀ, ಯಾರರ ಬರ್ರೀ” ಎಂದು ಕಿರುಚುತ್ತಾ ಬರುತ್ತಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಸುಮ್ಮನೆ ನಕ್ಕಿದ್ದರೆ ನಡೆಯುತ್ತಿತ್ತು. ತೊಡೆ ತಟ್ಟಿ, ಎಲ್ಲರಿಗಿಂತ ಜೋರಾಗಿ, ಮೊದಲನೆಯ ಸಾಲಿನಲ್ಲಿ ಕುಳಿತು ನಕ್ಕೆ. ಅವಳು ಓಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. 

ಮನೆಗೆ ಬಂದ ಮೇಲೂ ಅವಳು ಅಳಲಿಲ್ಲ. ಬೂಟಿನ ಲೇಸು ಬಿಚ್ಚುತ್ತಾ ಬಿಚ್ಚುತ್ತಾ ಕೇಳಿದಳು: “ಮುತ್ಯಾ, ನಿಧಾನ ಇದ್ದವ್ರಿಗಿ ಯಾವ ಶಕ್ತಿ ಇರತದ?”

ಮುತ್ಯಾ ಅಂದರೆ ನಾನು, ಅವಳ ಅಜ್ಜ, ನೋಟ್‌ಬುಕ್ಕಿನ ಪಂಡಿತ. ಹನ್ನೆರಡು ಪುಟ ತಿರುವಿ ಹಾಕಿದೆ. ಹಾರುವವರು, ಮಾಯವಾಗುವವರು, ರಬ್ಬರಿನಂತೆ ಉದ್ದವಾಗುವವರು, ಇರುವೆಯೊಡನೆ ಮಾತಾಡುವವರು ಕೂಡ ಇದ್ದರು. ನಿಧಾನದವರು ಒಬ್ಬರೂ ಇರಲಿಲ್ಲ. ಯಾವ ದೇಶದ ಯಾವ ತಂಡದಲ್ಲೂ, ತಾಳ್ರಪ್ಪಾ ನಾನು ಬಂದೆ ಎನ್ನುವವರಿಲ್ಲ. ಕಡೆಗೆ ನಾನೇ ಒಬ್ಬಳನ್ನು ಬಿಡಿಸಿದೆ. ನೇರಳೆ ಬಣ್ಣದ ಅಂಗಿ, ಜೇಬು ಸಮೇತ. ಕಣ್ಣಿನಿಂದ ಕಾಲವನ್ನೇ ನಿಲ್ಲಿಸುತ್ತಾಳೆ, ಉಳಿದವರೆಲ್ಲ ಕಲ್ಲಾದಾಗ ಅವಳೊಬ್ಬಳೇ ನಡೆಯುತ್ತಾಳೆ. ಮೂಗು ಸೃಷ್ಟಿಯದೇ. ಸೃಷ್ಟಿ ಅದನ್ನು ಹಿಡಿದು ಬಹಳ ಹೊತ್ತು ನೋಡಿದಳು. “ಚಂದ ಅದ. ಆದರ ಇಕಿ ನಿಧಾನ ಇಲ್ಲ ಮುತ್ಯಾ. ಉಳಿದವ್ರನ್ನ ನಿಲ್ಲಿಸ್ಯಾಳ ಅಷ್ಟೇ,” ಎಂದು ವಾಪಸು ಕೊಟ್ಟಳು. ಮರುದಿನದಿಂದ ಆರು ಗಂಟೆಗೆ ಟೀವಿಯ ಮುಂದೆ ಬರುವುದನ್ನೇ ನಿಲ್ಲಿಸಿದಳು. ನಾನೊಬ್ಬನೇ ಎಷ್ಟಂತ ನೋಡಲಿ? ಅಪರಾಧಿಗೆ ಕಾರ್ಟೂನ್ ರುಚಿಸುವುದಿಲ್ಲ.

ಆ ಭಾನುವಾರ ಶರಣಮ್ಮನ ತವರಿಗೆ, ಚೌಡಾಪುರದ ಹತ್ತಿರದ ಹಳ್ಳಿಗೆ, ಮೂವರೂ ಹೋದೆವು. ಅವಳ ಅಣ್ಣನ ಹೊಲದಲ್ಲಿ ಹತ್ತಿ ಬಿಡಿಸುವುದಿತ್ತು. ಅಲ್ಲಿ ಆರೇಳು ಮನೆಯ ಹೆಂಗಸರು ಮುಯ್ಯಿ ಕಟ್ಟಿಕೊಂಡಿದ್ದಾರೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮುಂದಾಳು ಅಣ್ಣನ ಹೆಂಡತಿ ಗುಂಡಮ್ಮ. ಅರವತ್ತು ದಾಟಿದವಳು, ನಾಲ್ಕೂವರೆ ಅಡಿ ಎತ್ತರ, ಎರಡೂ ಕೈಯಿಂದ ಹತ್ತಿ ಬಿಡಿಸಿ ಸೊಂಟಕ್ಕೆ ಕಟ್ಟಿದ ಮಡಿಲಿಗೆ ತುಂಬುವಾಗ ಕೈ ಕಾಣುವುದೇ ಇಲ್ಲ. ಸೃಷ್ಟಿ ತನಗೂ ಒಂದು ಸಾಲು ಬೇಕೆಂದಳು. ಕೊಟ್ಟರು. ಮೊಮ್ಮಗಳ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ನಾನೂ ಒಂದು ಸಾಲು ಕೇಳಿದೆ. “ಮಾಸ್ತರ್, ನೀವು ನೆರಳಿಗೆ ಕುಂದರ್ರಿ,” ಎಂದಳು ಗುಂಡಮ್ಮ. ಇದೇನು ಮಹಾ, ಹತ್ತಿ ತಾನೇ ಎಂದು ನಾನು ಧೋತರ ಎತ್ತಿ ಕಟ್ಟಿದೆ.

ಹತ್ತಿಯಷ್ಟು ಮೆತ್ತಗೆ ಎನ್ನುವವರು ಹತ್ತಿ ಬಿಡಿಸಿದವರಲ್ಲ. ಒಣಗಿದ ಕಾಯಿಯ ಚೂಪು ತುದಿ ಉಗುರಿನ ಬುಡಕ್ಕೇ ಚುಚ್ಚುತ್ತದೆ. ಹತ್ತು ಗಿಡಕ್ಕೆ ನನ್ನ ಬೆರಳಲ್ಲಿ ರಕ್ತ, ಇಪ್ಪತ್ತಕ್ಕೆ ಸೊಂಟ ನನ್ನದಲ್ಲ. ಹೆಂಗಸರು ಮಾತಾಡುತ್ತಾ ನಗುತ್ತಾ ಅದಾಗಲೇ ಆ ಕಡೆಯ ಬದುವಿಗೆ ಮುಟ್ಟಿದ್ದರು. ಪಕ್ಕದ ಸಾಲಿನಲ್ಲಿ ಸೃಷ್ಟಿ ಅರ್ಧಕ್ಕೆ ಬಂದು, ಉಳಿದ ಅರ್ಧವನ್ನು ನೋಡಿ ನಿಂತುಬಿಟ್ಟಳು. ಗ್ಯಾದರಿಂಗ್ ದಿನದ್ದೇ ಮುಖ. ಈಗ ನಗುತ್ತಾರೆ ಎಂದು ಕಾಯುವ ಮುಖ.

ಆದರೆ ಅಲ್ಲಿಯ ಪದ್ಧತಿ ಬೇರೆ. ಎಲ್ಲರ ಸಾಲೂ ಮುಗಿಯುವವರೆಗೆ ಬದುವಿನ ಮೇಲೆ ಯಾರೂ ಬುತ್ತಿ ಬಿಚ್ಚುವಂತಿಲ್ಲ. ತನ್ನ ಸಾಲು ಮುಗಿಸಿದವಳು ಹೊರಳಿ, ಹಿಂದುಳಿದವಳ ಸಾಲನ್ನು ಎದುರಿನ ತುದಿಯಿಂದ ಹಿಡಿಯಬೇಕು. ಗುಂಡಮ್ಮ ಹಾಗೆಯೇ ಹೊರಳಿ ಸೃಷ್ಟಿಯ ಸಾಲು ಹಿಡಿದು ಅವಳಿಗೆ ಎದುರಾಗಿ ಬಂದಳು. ಹುಡುಗಿಗೆ ಸಿಟ್ಟೇ ಬಂತು.

“ಇದು ನನ್ನ ಸಾಲು! ನಾನೇ ಮಾಡ್ತೇನಿ.”

“ಸಾಲು ನಿಂದಲ್ಲಬೇ, ಹೊಲದ್ದು,” ಎಂದಳು ಗುಂಡಮ್ಮ, ಕೈ ನಿಲ್ಲಿಸದೆ.

“ನಾ ಭಾಳ ನಿಧಾನ ಅದೀನಿ. ಬೈಯಂಗಿಲ್ಲೇನು?”

“ಬೈಕೋತ ನಿಂತರ ನಾ ರೊಟ್ಟಿ ಯಾವಾಗ ತಿನ್ಲಿ? ಬಿಡಸು, ಬಿಡಸು.”

ಸೃಷ್ಟಿ ಬಿಡಿಸಿದಳು. ತನ್ನ ಎಂದಿನ ನಿಧಾನದಲ್ಲೇ. ಇಬ್ಬರೂ ನಡುವೆ ಭೇಟಿಯಾದಾಗ ಗುಂಡಮ್ಮ ಶಹಬ್ಬಾಸ್ ಅನ್ನಲಿಲ್ಲ, ನೀನು ಜಗತ್ತನ್ನು ಉಳಿಸಿದೆ ಎನ್ನಲಿಲ್ಲ. ಬೆವರು ಒರೆಸಿಕೊಂಡು, “ಇನ್ಯಾರದು ಉಳದದ?” ಎಂದು ಹೊಲವನ್ನು ನೋಡಿದಳು.

ಉಳಿದದ್ದು ಒಂದೇ ಸಾಲು. ಅದರಲ್ಲಿ ನಾನು ಸೊಂಟ ಹಿಡಿದು, ಬೆರಳು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಬದುವಿನ ಮೇಲೆ ಕಾಯುವ ಹೆಂಗಸರು, ಬಿಚ್ಚದ ಬುತ್ತಿ, ಶರಣಮ್ಮನ ಮುಖದಲ್ಲಿ ತಡೆದ ನಗು. ಇಬ್ಬರು ಹೆಂಗಸರು ಆಗಲೇ ಎದುರಿನ ತುದಿಯಿಂದ ನನ್ನ ಸಾಲು ಹಿಡಿದು ಬರುತ್ತಿದ್ದರು. ಗುಂಡಮ್ಮನೂ ಸೆರಗು ಸಿಕ್ಕಿಸಿ ಹೊರಟಳು. ಆಗ ಸೃಷ್ಟಿ ಅವಳ ಸೆರಗು ಜಗ್ಗಿದಳು.

“ನೀವು ಕುಂದರ್ರಿ. ಮುತ್ಯಾಂದು ನಾ ಮಾಡ್ತೇನಿ.”

ಗುಂಡಮ್ಮ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅವಳನ್ನು. ಆಮೇಲೆ ಕೈಸನ್ನೆ ಮಾಡಿ ಆ ಇಬ್ಬರನ್ನೂ ಹಿಂದಕ್ಕೆ ಕರೆದಳು. ಅವರು ಮುಕ್ಕಾಲು ಸಾಲು ಮುಗಿಸಿಯೇಬಿಟ್ಟಿದ್ದರು. ನನಗೂ ಅವರು ಬಿಟ್ಟುಹೋದ ಜಾಗಕ್ಕೂ ನಡುವೆ ಎಂಟು ಗಿಡ. ಸೃಷ್ಟಿ ಅಲ್ಲಿಗೆ ನಡೆದು ಬಂದು, ಮಡಿಲು ಸರಿಮಾಡಿಕೊಂಡು, ನನ್ನನ್ನು ನೋಡಿದಳು. ನಾನು ಅವಳ ಕಣ್ಣು ತಪ್ಪಿಸಬೇಕೆಂದುಕೊಂಡೆ, ಆಗಲಿಲ್ಲ.

“ನಕ್ಕದ್ದು ತಪ್ಪಾತವ್ವ,” ಎಂದೆ.

“ಹೂಂ,” ಎಂದಳು. “ನೀ ಅಲ್ಲಿಂದ ಬಾ ಮುತ್ಯಾ, ನಾ ಇಲ್ಲಿಂದ ಬರ್ತೇನಿ.”

ಎಂಟು ಗಿಡ ಮುಗಿಯಲು ಎಷ್ಟು ಹೊತ್ತಾಯಿತೋ, ಬದುವಿನ ಮೇಲಿದ್ದವರು ಹಸಿದುಕೊಂಡು ಕಾದರು, ಒಬ್ಬರೂ ನಗಲಿಲ್ಲ. ಅವಳು ಐದು ಬಿಡಿಸಿದಳು, ನಾನು ಮೂರು. ಮೂರನೆಯದರಲ್ಲಿ ನಾನು ಎರಡು ಕಾಯಿ ಹಾಗೇ ಬಿಟ್ಟಿದ್ದೆ. ಅವಳು ಅವನ್ನೂ ಬಿಡಿಸಿ ನನ್ನ ಮಡಿಲಿಗೆ ಹಾಕಿದಳು.